ಸಿಳ್ಳೆ ನಮ್ಮದು, ಸಿನಿಮಾ ಯಾರದು?

ಈಚೆಗೆ ಒಂದು ಮಾತು ಎಲ್ಲರ ಬಾಯಲ್ಲೂ ಹರಿದಾಡುತ್ತಿದೆ: ‘ಕಲ್ಟ್’. ಪೋಸ್ಟರಿನ ಮೇಲೆ ಕಲ್ಟ್, ಪೇಪರಿನ ಸಿನಿಮಾ ಪುಟದಲ್ಲಿ ಕಲ್ಟ್, ಕಾಲೇಜು ಕ್ಯಾಂಟೀನಿನಲ್ಲಿ ಕಲ್ಟ್. ಇವತ್ತು ಬಿಡುಗಡೆಯಾಗಿ ನಾಳಿದ್ದು ಎತ್ತಂಗಡಿಯಾಗುವ ಚಿತ್ರಕ್ಕೂ ನಿರ್ಮಾಪಕನೇ ‘ಕಲ್ಟ್ ಕ್ಲಾಸಿಕ್’ ಅಂತ ಹಣೆಪಟ್ಟಿ ಅಂಟಿಸಿ ಕಳಿಸ್ತಾನೆ. ಇರಲಿ. ಆ ಇಂಗ್ಲಿಷ್ ಮಾತಿನ ಬೇರು ಹುಡುಕಿದರೆ ಸಿಗೋದು ಪಂಥ, ಆರಾಧನೆ. ಪಂಥ ಅಂದಮೇಲೆ ಒಬ್ಬ ದೇವರು ಇರಬೇಕು. ಪೂಜಾರಿ ಇರಬೇಕು. ಗರ್ಭಗುಡಿ ಇರಬೇಕು, ಹುಂಡಿ ಇರಬೇಕು. ಹೊರಗೆ ಬಿಸಿಲಲ್ಲಿ ನಿಂತು ಕೈಮುಗಿಯುವ ಜನವೂ ಇರಬೇಕು. ನಾವು ಕೇಳೋದು ಇಷ್ಟೇ: ಸಿನಿಮಾದ ಈ ಪಂಥದಲ್ಲಿ ದೇವರು ಯಾರು, ಹುಂಡಿ ಯಾರದು, ಹೊರಗೆ ನಿಂತವರು ಯಾರು?

ಪಂಡಿತರು ಇದಕ್ಕೆ ಬೇರೆ ಉತ್ತರ ಇಟ್ಟುಕೊಂಡಿದ್ದಾರೆ. ನಿರ್ದೇಶಕನ ದರ್ಶನ, ಛಾಯಾಗ್ರಹಣದ ಸೊಬಗು, ಕಾಲವನ್ನು ಮೀರಿ ನಿಲ್ಲುವ ಕಥೆ. ಇದೆಲ್ಲ ಇದ್ದೂ ಡಬ್ಬದಲ್ಲೇ ಕೊಳೆತ ಚಿತ್ರಗಳು ಬೇಕಾದಷ್ಟಿವೆ. ಇದ್ಯಾವುದೂ ಇಲ್ಲದೆ ತಲೆಮಾರುಗಟ್ಟಲೆ ಓಡಿದ ಚಿತ್ರಗಳೂ ಇವೆ. ನಾವು ನೇರವಾಗಿ ಹೇಳ್ತೀವಿ: ಪರದೆಯ ಬುಡದಲ್ಲಿ ಕೂತ ಬಡವರು ಒಂದೇ ಸಿನಿಮಾಕ್ಕೆ ಹತ್ತು ಸಲ ದುಡ್ಡು ಕೊಟ್ಟಾಗ ಅದು ಕಲ್ಟ್ ಆಗುತ್ತೆ. ಬಾಲ್ಕನಿಯವನು ಒಂದು ಸಲ ನೋಡಿ ವಿಮರ್ಶೆ ಬರೀತಾನೆ. ನೆಲದವನು ಹತ್ತು ಸಲ ನೋಡಿ ಬಾಯಿಪಾಠ ಮಾಡ್ತಾನೆ. ವಿಮರ್ಶೆ ಪೇಪರಿನ ಜೊತೆ ರದ್ದಿಗೆ ಹೋಗುತ್ತೆ. ಬಾಯಿಪಾಠ ಮಕ್ಕಳಿಗೆ ಬರುತ್ತೆ.

ಟಾಕೀಸಿನ ಒಳಗಿನ ವರ್ಣಾಶ್ರಮ ನಿಮಗೆ ಗೊತ್ತು. ಹಳ್ಳಿಗೆ ಬರುತ್ತಿದ್ದ ಟೂರಿಂಗ್ ಟಾಕೀಸಿನಲ್ಲಿ ನೆಲ, ಬೆಂಚು, ಕುರ್ಚಿ. ಪೇಟೆಯ ಟಾಕೀಸಿನಲ್ಲಿ ಮೇಲೆ ಬಾಲ್ಕನಿ. ಕೆಳಗೆ ಪರದೆಗೆ ಮೂಗು ತಾಕುವಷ್ಟು ಹತ್ತಿರ ಗಾಂಧಿ ಕ್ಲಾಸು. ಗಾಂಧಿ ನಮಗೆ ಹರಿಜನ ಅಂತ ಒಂದು ಹೆಸರು ಕೊಟ್ಟಿದ್ದರು, ನಾವದನ್ನ ವಾಪಸು ಮಾಡಿದೆವು. ಟಾಕೀಸಿನವರು ಗಾಂಧಿಯ ಹೆಸರನ್ನೇ ನಮ್ಮ ಸೀಟಿಗೆ ಹೊಡೆದು ಕೂರಿಸಿದರು! ಅಲ್ಲಿ ಕೂತು ಕತ್ತು ಎತ್ತಿಯೇ ನೋಡಬೇಕು. ಎತ್ತಿ ಎತ್ತಿ ಕತ್ತು ನೋಯುತ್ತೆ. ಆದರೂ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟ ಕಾಲದಲ್ಲೂ, ಟಾಕೀಸಿನ ದೀಪ ಆರಿದ ಮೇಲೆ ಪಕ್ಕದವನ ಜಾತಿ ಕೇಳುವವರು ಇರಲಿಲ್ಲ. ಕಾಸು ಕೊಟ್ಟವನಿಗೆ ಜಾಗ. ಹಗಲಲ್ಲಿ ಕೊಡದ ಸಮಾನತೆಯನ್ನು ಊರು ಆ ಮೂರು ಗಂಟೆಯ ಕತ್ತಲಲ್ಲಿ ಕೊಟ್ಟಿತು. ಸಿನಿಮಾವನ್ನು ನಮ್ಮ ಕೇರಿ ಯಾಕೆ ಇಷ್ಟು ಪ್ರೀತಿಸಿತು ಅಂತ ಸಮಾಜಶಾಸ್ತ್ರದ ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಆ ಕತ್ತಲಲ್ಲಿ ಹುಡುಕಿ.

ಬಟವಾಡೆಯ ದಿನ ಕೂಲಿ ಎಣಿಸಿಕೊಂಡು ಉಪ್ಪು, ಮೆಣಸಿನಕಾಯಿ, ಎಣ್ಣೆ ತಗೊಂಡು, ಉಳಿದ ಚಿಲ್ಲರೆಯಲ್ಲಿ ನಮ್ಮ ಅಪ್ಪಂದಿರು ಸೆಕೆಂಡ್ ಷೋಗೆ ಹೋದರು. ನೋಡಿದ್ದನ್ನೇ ನೋಡಿದರು. ನಾವು ಮೊದಲ ತಲೆಮಾರಿನ ಪದವೀಧರರು ಹಾಸ್ಟೆಲಿನ ಕಾಂಪೌಂಡು ಹಾರಿ ಹೋದೆವು. ನಾವೂ ನೋಡಿದ್ದನ್ನೇ ನೋಡಿದೆವು. ಕಥೆ ಗೊತ್ತಿದ್ದೂ ಮತ್ತೆ ಹೋಗೋದು ಯಾಕೆ? ಮುಂದೇನಾಗುತ್ತೆ ಅನ್ನೋ ಕುತೂಹಲಕ್ಕಲ್ಲ. ಹೊರಗೆ ಎಂದೂ ಆಗದ ಒಂದು ಘಟನೆ ಒಳಗೆ ದಿನಾ ನಾಲ್ಕು ಆಟ ತಪ್ಪದೆ ಆಗುತ್ತಲ್ಲ, ಅದಕ್ಕೆ. ಧಣಿಯ ಕೆನ್ನೆಗೆ ಏಟು ಬೀಳೋದು, ಬಡವನ ಮಗ ತಲೆಯೆತ್ತಿ ಮಾತಾಡೋದು. ಹೊರಗಿನ ಬಾಳು ಏನನ್ನು ಇಲ್ಲ ಅನ್ನುತ್ತೋ ಅದನ್ನ ಪರದೆ ಇದೆ ಅನ್ನುತ್ತೆ. ಬದುಕಿನಲ್ಲಿ ಕಿತ್ತುಕೊಂಡದ್ದನ್ನು ಟಿಕೆಟ್ಟಿನ ಬೆಲೆಗೆ ವಾಪಸು ಮಾರುವ ವ್ಯಾಪಾರ ಇದು. ಈ ವ್ಯಾಪಾರ ನೂರು ಸಲ ನಡೆದರೆ ಕಲ್ಟ್.

ಇದು ನಮಗೆ ಹೊಸದೇನಲ್ಲ. ಕ್ಯಾಮೆರಾ ಹುಟ್ಟುವ ಎಷ್ಟೋ ಮುಂಚೆ ನಮ್ಮಲ್ಲಿ ಪಂಥಗಳಿದ್ದವು. ಮಂಟೇಸ್ವಾಮಿಯ ಕಥೆಯನ್ನ ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡ್ತಾರೆ. ಕೇಳುವ ಜನಕ್ಕೆ ಪ್ರತಿ ತಿರುವೂ ಗೊತ್ತು, ಆದರೂ ಬೆಳಗಿನ ಜಾವದವರೆಗೆ ಕದಲೋದಿಲ್ಲ. ಆ ಕಥೆಯಲ್ಲಿ ಗುರು ಕಲ್ಯಾಣದ ಬಾಗಿಲಿಗೆ ಬರೋದು ಹೇಗೆ? ಮೈತುಂಬ ಹೊಲಸು ಹೊತ್ತುಕೊಂಡು, ಮುಟ್ಟಬಾರದವನ ವೇಷದಲ್ಲಿ. ಮೂಗು ಮುಚ್ಚಿಕೊಂಡವರೇ ಪರೀಕ್ಷೆಯಲ್ಲಿ ಸೋಲ್ತಾರೆ. ಆ ಹಾಡಿಗೆ ಸೆನ್ಸಾರ್ ಸರ್ಟಿಫಿಕೇಟ್ ಇರಲಿಲ್ಲ, ಹಕ್ಕುಪತ್ರ ಹಿಡಿದ ಮಾಲೀಕನಿರಲಿಲ್ಲ. ಹಾಡುವವನೂ ನಮ್ಮವನು, ಕೇಳುವವನೂ ನಮ್ಮವನು, ಕಥೆಯ ನಡುಮನೆಯಲ್ಲಿ ಕೂತವನೂ ನಮ್ಮವನು. ಸಿನಿಮಾದ ಪಂಥದಲ್ಲಿ ಕೇಳುವವರಾಗಿ ಮಾತ್ರ ನಾವು ಉಳಿದೆವು. ನಡುಮನೆಯಲ್ಲಿ ಬೇರೆಯವರು ಬಂದು ಕೂತರು. ಈ ಮಾತಿಗೆ ಪುರಾವೆ ಬೇಕಾದರೆ ಎರಡು ಚಿತ್ರಗಳನ್ನ ಪಕ್ಕಪಕ್ಕ ಇಡೋಣ.

1972ರಲ್ಲಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಬಂಗಾರದ ಮನುಷ್ಯ’ ಬಂತು. ಟಿ.ಕೆ. ರಾಮರಾಯರ ಕಾದಂಬರಿ, ರಾಜ್‌ಕುಮಾರರ ರಾಜೀವ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ 104 ವಾರ ಓಡಿತು, ಎರಡು ವರ್ಷ. ಮೂರು ವರ್ಷದ ನಂತರ, 1975ರಲ್ಲಿ, ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು ‘ಚೋಮನ ದುಡಿ’ ಮಾಡಿದರು. ಅದಕ್ಕೆ ಸ್ವರ್ಣಕಮಲ ಬಂತು, ಚೋಮನಾಗಿದ್ದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಅಂತ ರಾಷ್ಟ್ರಪ್ರಶಸ್ತಿ ಬಂತು. ಗಮನಿಸಿ ಗೆಳೆಯರೇ, ಎರಡರ ಒಳಗೂ ಇರೋದು ಒಂದೇ ಆಸೆ. ಒಬ್ಬ ಮನುಷ್ಯನಿಗೆ ನೆಲ ಉಳಬೇಕು.

ರಾಜೀವ ಪೇಟೆ ಬಿಟ್ಟು ಅಕ್ಕನ ಊರಿಗೆ ಬರ್ತಾನೆ. ಬಂಜರು ನೆಲಕ್ಕೆ ಕೈಹಾಕ್ತಾನೆ, ಹಾಡು ಹೇಳುತ್ತಾ ಬಂಡೆ ಒಡೀತಾನೆ, ಚಿನ್ನ ಬೆಳೀತಾನೆ. ಅವನಿಗೆ ನೆಲ ಮುಟ್ಟೋಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಕಲ್ಲು ಅಡ್ಡ ಬರುತ್ತೆ, ಹಣ ಅಡ್ಡ ಬರುತ್ತೆ, ಕೊನೆಗೆ ಮನೆಯವರ ಕೃತಘ್ನತೆ ಅಡ್ಡ ಬರುತ್ತೆ. ಜಾತಿ ಒಂದು ಮಾತ್ರ ಅಡ್ಡ ಬರೋದಿಲ್ಲ. ಚೋಮನ ಹತ್ತಿರ ಒಂದು ಜೊತೆ ಎತ್ತಿವೆ. ಎತ್ತಿದ್ದೂ ಉಳೋ ಹಾಗಿಲ್ಲ. ಹೊಲೆಯನಿಗೆ ಬೇಸಾಯ ಸಲ್ಲದು ಅಂತ ಕಟ್ಟಳೆ. ಧಣಿ ಸಂಕಪ್ಪಯ್ಯನ ಮನಸ್ಸು ಅಷ್ಟಿಷ್ಟು ಕರಗಿದರೂ ಸಂಪ್ರದಾಯ ಕರಗೋದಿಲ್ಲ. ಅವನ ಮಗ ನೀರಲ್ಲಿ ಮುಳುಗುವಾಗ, ಮೈಲಿಗೆಯಾಗುತ್ತೆ ಅಂತ ದಡದಲ್ಲಿದ್ದವರು ಕೈಕೊಡಲಿಲ್ಲ. ಕೊನೆಗೆ ಚೋಮ ಗುಡಿಸಲಿನ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯ್ತಾನೆ.

ಒಂದೇ ಆಸೆಯ ಎರಡು ಚಿತ್ರ. ಒಂದು ಕಲ್ಟ್ ಆಯ್ತು, ಇನ್ನೊಂದು ಕಲೆ ಆಯ್ತು. ಒಂದು 104 ವಾರ ಟಾಕೀಸಿನಲ್ಲಿ, ಇನ್ನೊಂದು ಫಿಲ್ಮ್ ಸೊಸೈಟಿಗಳ ಪರದೆಯ ಮೇಲೆ. ಇಷ್ಟು ಹೇಳಿದ ತಕ್ಷಣ ಕೆಲವು ಪ್ರಗತಿಪರರು ಲೊಚಗುಟ್ಟುತ್ತಾರೆ: ‘ನೋಡಿ, ನಿಮ್ಮ ಜನಕ್ಕೇ ಅಭಿರುಚಿ ಇಲ್ಲ. ಚೋಮನನ್ನ ಬಿಟ್ಟು ರಾಜೀವನಿಗೆ ಸಿಳ್ಳೆ ಹೊಡೆದರು.’ ಇದಕ್ಕಿಂತ ಅನ್ಯಾಯದ ಮಾತು ಇನ್ನೊಂದಿಲ್ಲ. ನಮ್ಮವ್ವ ಕೂಲಿ ಮುಗಿಸಿ ಬಂದು, ತನ್ನ ಮನೆಯಲ್ಲೇ ಇರುವ ಚೋಮನನ್ನ ದುಡ್ಡು ಕೊಟ್ಟು ಯಾಕೆ ನೋಡಬೇಕು? ಆ ಸಾವನ್ನ ಅವಳು ಪುಕ್ಕಟೆ ನೋಡಿದ್ದಾಳೆ. ಚೋಮನ ಸಾವು ಹೊಸ ಸುದ್ದಿಯಾಗಿದ್ದು ಬಾಲ್ಕನಿಗೆ. ಬಾಲ್ಕನಿ ಅತ್ತಿತು, ಚಪ್ಪಾಳೆ ತಟ್ಟಿತು, ಪದಕ ಕೊಟ್ಟಿತು, ಮನೆಗೆ ಹೋಗಿ ಕೈ ತೊಳೆದು ಊಟಕ್ಕೆ ಕೂತಿತು. ‘ಚೋಮನ ದುಡಿ’ಯನ್ನು ನಾವು ಸಣ್ಣದು ಮಾಡುತ್ತಿಲ್ಲ. ಆ ಕಟ್ಟಳೆಯನ್ನ ಪರದೆಯ ಮೇಲೆ ಹೆಸರಿಟ್ಟು ಕರೆದ ಧೈರ್ಯ ಅದಕ್ಕಿದೆ. ಆದರೆ ಅದು ನಮ್ಮ ಬಗ್ಗೆ ಅವರಿಗೆ ಹೇಳಿದ ಕಥೆ. ನಮಗೆ ಹೇಳಿದ ಕಥೆಯಲ್ಲಿ ಚೋಮ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ, ಒದ್ದು ತೆಗೆಯುತ್ತಿದ್ದ.

ಇನ್ನು ರಾಜೀವನಿಗೆ ಸಿಳ್ಳೆ ಹೊಡೆದವರ ಲೆಕ್ಕ ನೋಡೋಣ. ಆ ಚಿತ್ರ ನೋಡಿ ಪೇಟೆಯ ನೌಕರಿ ಬಿಟ್ಟು ಬೇಸಾಯಕ್ಕೆ ಮರಳಿದ ಯುವಕರ ಕಥೆಗಳನ್ನ ಇವತ್ತಿಗೂ ಹೆಮ್ಮೆಯಿಂದ ಹೇಳ್ತಾರೆ. ಒಳ್ಳೇದು. ಮರಳಿ ಹೋಗೋಕೆ ಅವರಿಗೆ ಹೊಲ ಇತ್ತು. ನಮ್ಮವನು ಸಿನಿಮಾ ಬಿಟ್ಟಮೇಲೆ ಎಲ್ಲಿಗೆ ಮರಳಬೇಕಿತ್ತು? ಅದೇ ಧಣಿಯ ಕೊಟ್ಟಿಗೆಗೆ. ‘ಅಷ್ಟೆಲ್ಲಾ ಮಾಡ್ದೋನ್ಗೆ ಹಿಂಗ್ ಮಾಡ್ಬೌದಾ’ ಅಂತ ರಾಜೀವ ಮನೆಬಿಟ್ಟು ಹೋಗುವಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡವರು, ತಮ್ಮದಲ್ಲದ ಮನೆಗೆ, ತಮ್ಮದಾಗದ ಗದ್ದೆಗೆ ಕಣ್ಣೀರು ಕೊಟ್ಟರು. ಅವನು ಹಾಡಿಕೊಂಡು ಒಡೆದ ಬಂಡೆಯನ್ನ ತಲೆಮಾರುಗಳಿಂದ ಒಡೆದುಕೊಂಡು ಬಂದವರು ವಡ್ಡರು. ಅವರ ಸುತ್ತಿಗೆಗೆ ಹಿನ್ನೆಲೆ ಸಂಗೀತ ಇರಲಿಲ್ಲ, ಒಡೆದ ಮೇಲೆ ನೆಲವೂ ಅವರದಾಗಲಿಲ್ಲ.

ಆ ಮೂರು ವರ್ಷದೊಳಗೆ ಈ ನಾಡಿನಲ್ಲಿ ಏನೇನು ನಡೆಯಿತು ನೆನಪು ಮಾಡಿಕೊಳ್ಳಿ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಬೀದಿಗಳು ಹೊತ್ತಿಕೊಂಡವು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಅವರು ಕುರ್ಚಿ ಬಿಡಬೇಕಾಯಿತು. 1974ರಲ್ಲಿ ದೇವರಾಜ ಅರಸರ ಸರ್ಕಾರ ಉಳುವವನೇ ಒಡೆಯ ಅಂದಿತು. ದೊಡ್ಡ ಮಾತು. ಗೇಣಿದಾರನಿಗೆ ನೆಲ ಬಂತು. ಆದರೆ ಗೇಣಿ ಚೀಟಿಯೂ ಇಲ್ಲದೆ ಬರೀ ಕೂಲಿಯಾಗಿ, ಜೀತವಾಗಿ ದುಡಿದ ಹೊಲೆಯ ಮಾದಿಗರ ಪಾಲಿಗೆ ಬಂದದ್ದು ಕಡಿಮೆ. ಉಳುವವನು ಅಂತ ಕಾನೂನು ಯಾರನ್ನ ಕರೆಯಿತೋ ಆ ಪಟ್ಟಿಯಲ್ಲಿ ಚೋಮ ಇರಲಿಲ್ಲ. 2020ರಲ್ಲಿ ಅದೇ ಕಾನೂನಿನ 79ಎ, 79ಬಿ ಕಲಮುಗಳನ್ನ ಕಿತ್ತುಹಾಕಿ, ಕಾಸಿದ್ದವರು ಯಾರು ಬೇಕಾದರೂ ಹೊಲ ಕೊಳ್ಳಬಹುದು ಅಂದರು. ರಾಜೀವನಾದರೂ ಬಂಡೆ ಒಡೆದ. ಈಗ ಬರುವವನು ಚೆಕ್ಕು ಹರೀತಾನೆ, ಅಷ್ಟೇ.

ಮುಂದಕ್ಕೆ ಬನ್ನಿ. 1995. ಉಪೇಂದ್ರ ನಿರ್ದೇಶಿಸಿದ, ಶಿವರಾಜ್‌ಕುಮಾರ್ ನಟಿಸಿದ ‘ಓಂ’. ಕನ್ನಡದಲ್ಲಿ ಕಲ್ಟ್ ಅಂದರೆ ಮೊದಲು ನೆನಪಾಗುವ ಹೆಸರು. ಐನೂರಕ್ಕೂ ಹೆಚ್ಚು ಸಲ ಮರುಬಿಡುಗಡೆಯಾಯಿತು ಅಂತ ಲೆಕ್ಕ ಹೇಳ್ತಾರೆ. ಈ ಲೆಕ್ಕದ ಹಿಂದಿನ ಯಂತ್ರ ನೋಡಿ. ಹೊಸ ಚಿತ್ರ ಮಕಾಡೆ ಬಿದ್ದ ವಾರ ಟಾಕೀಸು ಖಾಲಿ ಹೊಡೆಯುತ್ತೆ. ಕಡಿಮೆ ದುಡ್ಡಿಗೆ ಹಳೇ ಪ್ರಿಂಟು ತಂದು ಹಾಕಿದರೆ ನೆಲ ತುಂಬುತ್ತೆ. ಸುಮಾರು ಇಪ್ಪತ್ತು ವರ್ಷ ಅದನ್ನ ಟಿ.ವಿ.ಗೆ ಕೊಡಲಿಲ್ಲ. ನೋಡಬೇಕಾದರೆ ಟಾಕೀಸಿಗೇ ಬರಬೇಕು. ಬಂದವರು ಯಾರು? ಗ್ಯಾರೇಜಿನ ಹುಡುಗರು, ಗಾರೆ ಕೆಲಸದವರು, ಆಟೋದವರು, ಹಾಸ್ಟೆಲಿನ ನಾವು. ಖಾಲಿ ಬಿದ್ದ ಟಾಕೀಸನ್ನ ಐನೂರು ಸಲ ಬದುಕಿಸಿದ್ದು ನಮ್ಮ ಚಿಲ್ಲರೆ.

ಆ ಚಿತ್ರದ ನಾಯಕ ಯಾರು? ಸತ್ಯ. ಅರ್ಚಕರ ಮಗ. ಜನಿವಾರದ ಮನೆಯ ಹುಡುಗ ಮಚ್ಚು ಹಿಡೀತಾನೆ. ನಿಜವಾದ ಬೆಂಗಳೂರಿನ ರೌಡಿಗಳನ್ನೇ ತಂದು ಅವನ ಸುತ್ತ ನಿಲ್ಲಿಸಿದರು. ಚಿತ್ರದ ಬಿಸಿ ಇರೋದೇ ಅಲ್ಲಿ: ಮಂತ್ರ ಹೇಳಬೇಕಾದ ಕೈಗೆ ಮಚ್ಚು ಬಂತಲ್ಲ, ಯಾಕೆ ಬಂತು? ಆ ‘ಯಾಕೆ’ಯನ್ನು ಹೇಳೋಕೆ ಸಿನಿಮಾ ಹಿಂದಕ್ಕೆ ಹೋಗುತ್ತೆ, ಅವನ ಪ್ರೀತಿ ತೋರಿಸುತ್ತೆ, ಅಪ್ಪನ ನೋವು ತೋರಿಸುತ್ತೆ, ನಮ್ಮನ್ನ ಅವನ ಪಕ್ಷಕ್ಕೆ ಎಳೀತದೆ. ನಾವೂ ಎಳೆಸಿಕೊಂಡು ಸಿಳ್ಳೆ ಹೊಡೆದೆವು. ಈಗ ಕೇಳ್ತೀವಿ: ಸ್ಲಮ್ಮಿನ ಮಾದಿಗರ ಹುಡುಗನ ಕೈಗೆ ಮಚ್ಚು ಬಂದಾಗ ಯಾರಾದರೂ ಹಿಂದಕ್ಕೆ ಹೋಗಿ ನೋಡಿದರಾ? ಅರ್ಚಕರ ಮಗನ ಮಚ್ಚಿಗೆ ಫ್ಲ್ಯಾಶ್‌ಬ್ಯಾಕ್ ಇದೆ. ನಮ್ಮ ಹುಡುಗನ ಮಚ್ಚಿಗೆ ಎಫ್.ಐ.ಆರ್. ಮಾತ್ರ ಇದೆ. ಅವನು ಕೆಟ್ಟರೆ ದುರಂತ. ನಾವು ಕೆಟ್ಟರೆ ಜಾತಿಬುದ್ಧಿ. ಕಲ್ಟ್ ಚಿತ್ರ ಮಾಡುವ ದೊಡ್ಡ ಕೆಲಸ ಇದೇ: ಯಾರ ತಪ್ಪಿಗೆ ಕಾರಣ ಇರಬೇಕು, ಯಾರ ತಪ್ಪಿಗೆ ಬರೀ ಶಿಕ್ಷೆ ಸಾಕು ಅನ್ನೋದನ್ನ ಹಾಡಿನ ಜೊತೆ ನಮ್ಮ ರಕ್ತಕ್ಕೆ ಇಳಿಸೋದು.

ಬಾಯಿಪಾಠದ ವಿಷಯವನ್ನೂ ಇಲ್ಲೇ ಹೇಳಿಬಿಡ್ತೀವಿ. ‘ಓಂ’ ಚಿತ್ರದ ಮಾತುಗಳು ನಮ್ಮ ಕೇರಿಯ ಯಾವ ಹುಡುಗನನ್ನ ಕೇಳಿದರೂ ಬರುತ್ತೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನ ಮನೆಯೊಳಗೇ ಸುಟ್ಟರು. 2006ರಲ್ಲಿ ಕೋರ್ಟು ಆರೋಪಿಗಳನ್ನ ಖುಲಾಸೆ ಮಾಡಿತು. ಅದೇ ಹುಡುಗನಿಗೆ ಕಂಬಾಲಪಲ್ಲಿ ಅಂದರೆ ಎಲ್ಲಿ ಅಂತ ಗೊತ್ತಿಲ್ಲ. ತಪ್ಪು ಅವನದಲ್ಲ. ಜ್ಞಾಪಕ ಅನ್ನೋದು ಮತ್ತೆ ಮತ್ತೆ ಕೇಳಿದ್ದರಿಂದ ಹುಟ್ಟುತ್ತೆ. ಒಂದನ್ನ ಐನೂರು ಸಲ ಕೇಳಿಸಿದರು. ಇನ್ನೊಂದನ್ನ ಒಂದು ಸಲ ಪೇಪರಿನಲ್ಲಿ ಹಾಕಿ ಮುಚ್ಚಿದರು. ಯಾವುದನ್ನ ಮರುಬಿಡುಗಡೆ ಮಾಡಬೇಕು ಅಂತ ತೀರ್ಮಾನಿಸುವವನೇ ನಾಡಿನ ಜ್ಞಾಪಕದ ಮಾಲೀಕ.

ಈಗ ಕಟೌಟಿಗೆ ಬರೋಣ. ನಾಯಕನ ನಲವತ್ತು ಅಡಿ ಕಟೌಟಿಗೆ ಹಾಲು ಹೊಯ್ಯುವ ಹುಡುಗರನ್ನ ನೋಡಿ ಪೇಟೆಯ ಬುದ್ಧಿವಂತರು ನಗ್ತಾರೆ. ‘ಮನೇಲಿ ಮಕ್ಕಳಿಗೆ ಹಾಲಿಲ್ಲ, ಇಲ್ಲಿ ಚೆಲ್ತಾರೆ’ ಅಂತಾರೆ. ನಾವು ನಗೋದಿಲ್ಲ. ಯಾಕೆ ಅಂದರೆ, 2022ರ ಸೆಪ್ಟೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಅಂತ ಒಬ್ಬ ದಲಿತ ಹುಡುಗನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಹಾಕಿದರು. ಹದಿನೈದು ವರ್ಷದ ಹುಡುಗ, ಬಿದ್ದಿದ್ದ ಕೋಲನ್ನ ಎತ್ತಿದ್ದ. ಕಟೌಟಿನ ಗಳ ಮುಟ್ಟಿದರೆ ದಂಡ ಇಲ್ಲ ಸ್ವಾಮಿ! ಅದರ ಹೆಗಲ ಮೇಲೆ ಹತ್ತಬಹುದು, ತಲೆ ಮೇಲೆ ಹಾಲು ಸುರಿಯಬಹುದು, ಹಾರ ಹಾಕಬಹುದು. ನಮ್ಮ ಕೈಯಿಂದ ಅಭಿಷೇಕ ಮಾಡಿಸಿಕೊಳ್ಳುವ ದೇವರು ಈ ನಾಡಿನಲ್ಲಿ ಅದೊಂದೇ. ಗುಡಿಯ ಬಾಗಿಲಲ್ಲಿ ಸಿಗದ ಪೂಜಾರಿಕೆ ಟಾಕೀಸಿನ ಬಾಗಿಲಲ್ಲಿ ಸಿಕ್ಕಿತು. ಕಲ್ಟ್ ಅನ್ನೋ ಮಾತಿನ ನಿಜವಾದ ಅರ್ಥ ಪೇಪರಿನವರಿಗೆ ಸಿಗಲಿಲ್ಲ, ಆ ಹುಡುಗರಿಗೆ ಸಿಕ್ಕಿತ್ತು.

ಆದರೆ ತಮ್ಮಂದಿರೇ, ಈ ಮಾತನ್ನೂ ಕೇಳಿ. ಬಾಬಾಸಾಹೇಬರು 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಮುಂದೆ ಜನರನ್ನ ನಿಲ್ಲಿಸಿದರು. ವರ್ಷಗಟ್ಟಲೆ ನಿಂತರೂ ಬಾಗಿಲು ತೆರೆಯಲಿಲ್ಲ. 1935ರಲ್ಲಿ ಯೇವಲೆಯಲ್ಲಿ ಅವರು ಆ ಬಾಗಿಲಿಗೇ ಬೆನ್ನು ತಿರುಗಿಸಿದರು. ಬೇರೆ ಗುಡಿ ಹುಡುಕಿಕೊಂಡು ಹೋಗಿ ಅಡ್ಡಬೀಳಿ ಅನ್ನಲಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ನಿಂತು, ರಾಜಕೀಯದಲ್ಲಿ ಭಕ್ತಿ ಅನ್ನೋದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿ ಅಂತ ಎಚ್ಚರಿಸಿದರು. ಭಕ್ತಿಯ ಗುಣ ಒಂದೇ, ಅದು ಗುಡಿಯಲ್ಲಿರಲಿ, ಪಕ್ಷದಲ್ಲಿರಲಿ, ಟಾಕೀಸಿನಲ್ಲಿರಲಿ: ಕೊಡುವವನು ಲೆಕ್ಕ ಕೇಳೋ ಹಾಗಿಲ್ಲ. ಅಭಿಮಾನಿ ಸಂಘದ ಬ್ಯಾನರು ಕಟ್ಟೋಕೆ ನಾವು, ನಾಯಕನ ಕಾರಿನ ಹಿಂದೆ ಓಡೋಕೆ ನಾವು, ಇನ್ನೊಬ್ಬ ನಾಯಕನ ಅಭಿಮಾನಿಯ ತಲೆ ಒಡೆದು ಠಾಣೆಗೆ ಹೋಗೋಕೆ ನಾವು. ಆ ಇನ್ನೊಬ್ಬನೂ ನಮ್ಮ ಪಕ್ಕದ ಕೇರಿಯವನೇ.

ನಟರ ಮೇಲೆ ನಮ್ಮ ಸಿಟ್ಟಲ್ಲ. ರಾಜ್‌ಕುಮಾರ್ ಹೆಚ್ಚು ಓದದೆ, ಗುಬ್ಬಿ ಕಂಪನಿಯ ರಂಗದ ಮೇಲೆ ಬೆವರು ಹರಿಸಿ ಬಂದ ಈಡಿಗರ ಮನೆಯ ಮಗ. 1954ರಲ್ಲಿ ಅವರು ಮೊದಲು ನಾಯಕನಾಗಿ ನಿಂತದ್ದೇ ಒಬ್ಬ ಬೇಡನಾಗಿ, ‘ಬೇಡರ ಕಣ್ಣಪ್ಪ’ನಾಗಿ. ಶೂದ್ರನ ನಾಲಗೆಯ ಮೇಲೆ ಕನ್ನಡ ಅಷ್ಟು ಚೆಂದ ಕೂತದ್ದು ಕಂಡು ನಮ್ಮ ಜನ ಅವರನ್ನ ಎದೆಗೆ ಹಾಕಿಕೊಂಡರು. ಆದರೆ ಆ ಕಥೆಯ ಒಳಗಿನ ಷರತ್ತು ನೋಡಿ. ಬೇಡ ಗರ್ಭಗುಡಿಗೆ ಸಲ್ಲಬೇಕಾದರೆ ಕಣ್ಣು ಕಿತ್ತು ಕೊಡಬೇಕು. ಅರ್ಚಕನಾದವನು ಹುಟ್ಟಿದರೆ ಸಾಕು. ಕಣ್ಣು ಕೊಟ್ಟು ಒಳಗೆ ಹೋಗುವ ಕಾಲ ಮುಗಿಯಿತು ಅಂತ ನಾವು ಹೇಳ್ತಿರೋದು. ನಾವು ಕಣ್ಣು ಬಿಟ್ಟುಕೊಂಡೇ ಹೋಗ್ತೀವಿ.

ಇಷ್ಟು ಬರೆದ ಮೇಲೆ ಎರಡು ಕಡೆಯಿಂದ ಕಲ್ಲು ಬೀಳುತ್ತೆ ಅಂತ ಗೊತ್ತು. ಒಂದು ಕಡೆಯವರು: ‘ಸಿನಿಮಾನ ಸಿನಿಮಾ ಥರ ನೋಡ್ರಯ್ಯ, ಎಲ್ಲದರಲ್ಲೂ ಜಾತಿ ಹುಡುಕ್ತೀರಲ್ಲ.’ ಜಾತಿಯನ್ನ ನಾವು ಹುಡುಕಲಿಲ್ಲ ಸ್ವಾಮಿ, ಪರದೆಯಲ್ಲಿ ಎಲ್ಲಾ ಕಡೆ ಅದು ಮೊದಲೇ ಕೂತಿತ್ತು. ನಾಯಕನ ಹೆಸರಲ್ಲಿತ್ತು, ಅವನ ಮನೆಯ ಪೂಜೆಯಲ್ಲಿತ್ತು, ಅವನ ಆಳಿನ ತೊದಲು ಮಾತಿನಲ್ಲಿತ್ತು. ಅದನ್ನ ಕಾಣದಿರೋಕೆ ಬಾಲ್ಕನಿಯಲ್ಲಿ ಕೂತಿರಬೇಕು. ಇನ್ನೊಂದು ಕಡೆ ನಮ್ಮದೇ ಕ್ರಾಂತಿಕಾರಿ ಗೆಳೆಯರು: ‘ಸಿನಿಮಾ ಅಂದರೇ ಅಫೀಮು. ಕೇರಿಯವರು ಅದನ್ನ ಬಿಟ್ಟರೆ ಉದ್ಧಾರ.’ ಅವರಿಗೆ ನಮ್ಮ ಉತ್ತರ: ದಿನವಿಡೀ ಬೆನ್ನು ಬಗ್ಗಿಸಿದವನ ಮೂರು ಗಂಟೆಯ ಖುಷಿಗೆ ಉಗಿಯೋ ಅಧಿಕಾರ ನಿಮಗೆ ಯಾರೂ ಕೊಟ್ಟಿಲ್ಲ. ಸಿಳ್ಳೆ ನಮ್ಮ ಆಸ್ತಿ. ಅದನ್ನ ಬಿಡೋದಿಲ್ಲ. ಯಾರಿಗೆ ಹೊಡೀಬೇಕು ಅನ್ನೋದನ್ನ ಮಾತ್ರ ಇನ್ನುಮೇಲೆ ನಾವು ತೀರ್ಮಾನ ಮಾಡ್ತೀವಿ.

ಈ ತೀರ್ಮಾನಕ್ಕೆ ಈಗಲೇ ಅವಸರ ಯಾಕೆ ಅಂದರೆ, ನೆಲವೇ ಮಾಯವಾಗ್ತಿದೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಟಾಕೀಸುಗಳು ಒಂದೊಂದಾಗಿ ಮುಚ್ಚಿದವು. ಕಪಾಲಿಯಂಥ ಕಪಾಲಿಯನ್ನೇ ಕೆಡವಿದರು. ಮಲ್ಟಿಪ್ಲೆಕ್ಸಿನಲ್ಲಿ ಗಾಂಧಿ ಕ್ಲಾಸು ಇಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು. ಮಲ್ಟಿಪ್ಲೆಕ್ಸಿನವರು ಹೈಕೋರ್ಟಿಗೆ ಹೋದರು, ಅದೇ ತಿಂಗಳು ತಡೆಯಾಜ್ಞೆ ಬಂತು. ಆ ವರ್ಷ ನಮ್ಮ ರಾಜ್ಯದಲ್ಲಿ ನರೇಗಾ ದಿನಗೂಲಿ 370 ರೂಪಾಯಿ. ಮಿತಿ ಹಾಕಿದ ದರವೇ ಅರ್ಧ ದಿನದ ಬೆವರಿಗಿಂತ ಹೆಚ್ಚು. ಅದೂ ಅವರಿಗೆ ಸಾಲಲಿಲ್ಲ. ಈಗ ಅದೇ ಹಳೆಯ ಚಿತ್ರಗಳನ್ನ ತೊಳೆದು, ಬಣ್ಣ ಕೊಟ್ಟು, ‘ಕಲ್ಟ್ ಕ್ಲಾಸಿಕ್’ ಅಂತ ಎ.ಸಿ. ಹಾಲಿನಲ್ಲಿ ಮತ್ತೆ ಹಾಕ್ತಾರೆ. ಸಿಳ್ಳೆ ಹೊಡೆದು ಅದನ್ನ ಕಲ್ಟ್ ಮಾಡಿದವನು ಹೊರಗೆ ಸೆಕ್ಯೂರಿಟಿ ಯೂನಿಫಾರ್ಮಿನಲ್ಲಿ ನಿಂತು ಒಳಗೆ ಹೋಗುವವರ ಚೀಲ ತಡವುತ್ತಾನೆ. ದೇವರನ್ನ ಕೆತ್ತಿದವನನ್ನ ಗುಡಿಯಿಂದ ಹೊರಗಿಡೋದು ಈ ದೇಶಕ್ಕೆ ಹಳೇ ಚಾಳಿ.

ಪರದೆಗೂ ನಮಗೂ ಇರುವ ಲೆಕ್ಕ ಶುರುವಾದದ್ದೇ ಕಲ್ಲಿನಿಂದ. ಸುಮಾರು 1930ರ ಹೊತ್ತಿಗೆ ತಿರುವನಂತಪುರದಲ್ಲಿ ಮಲಯಾಳಂನ ಮೊದಲ ಚಿತ್ರ ‘ವಿಗತಕುಮಾರನ್’ ತೋರಿಸಿದರು. ನಾಯಕಿ ಪಿ.ಕೆ. ರೋಸಿ, ದಲಿತ ಹೆಣ್ಣುಮಗಳು. ನಾಯರ್ ಹೆಣ್ಣಿನ ಪಾತ್ರ ಮಾಡಿದಳು ಅಂತ ಮೇಲ್ಜಾತಿಯವರು ಪರದೆಗೆ ಕಲ್ಲು ತೂರಿದರು. ಅವಳು ಊರು ಬಿಟ್ಟು ಓಡಿಹೋಗಬೇಕಾಯಿತು. ಆ ಚಿತ್ರದ ಪ್ರಿಂಟೂ ಉಳಿದಿಲ್ಲ. ಕ್ಲಾಸಿಕ್ ಅಂತ ಕರೆಯೋಕೆ ಮೊದಲು ಉಳಿಯಬೇಕಲ್ಲ?

ಆ ಕಲ್ಲು 2013ರಲ್ಲಿ ವಾಪಸು ಬಂತು. ಸೊಲ್ಲಾಪುರ ಜಿಲ್ಲೆಯ ಹಳ್ಳಿಯಿಂದ ಬಂದ ನಾಗರಾಜ್ ಮಂಜುಳೆ, ಬಂಡೆ ಒಡೆಯುವ ವಡ್ಡರ ಕುಲದ ಮಗ, ಮರಾಠಿಯಲ್ಲಿ ‘ಫಂಡ್ರಿ’ ಮಾಡಿದರು. ಫಂಡ್ರಿ ಅಂದರೆ ಕೈಕಾಡಿಗಳ ಮಾತಿನಲ್ಲಿ ಹಂದಿ. ಹುಡುಗ ಜಬ್ಯಾ ಇಸ್ಕೂಲಿನ ಮಕ್ಕಳೆಲ್ಲ ನೋಡಿ ನಗುವಾಗ ಅಪ್ಪನ ಜೊತೆ ಊರ ಹಂದಿ ಹಿಡಿಯಬೇಕು. ಹಿಡಿದ ಹಂದಿಯನ್ನ ಗಳಕ್ಕೆ ಕಟ್ಟಿ ಹೊತ್ತು ನಡೆಯುವಾಗ ಹಿಂದಿನ ಶಾಲೆ ಗೋಡೆಯ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆಯವರ ಚಿತ್ರಗಳಿವೆ. ಕೊನೆಗೆ ಜಬ್ಯಾ ಎತ್ತಿದ ಕಲ್ಲು ನೇರವಾಗಿ ಪರದೆಯಿಂದ ನಮ್ಮ ಕಡೆಗೆ ಬರುತ್ತೆ. ಬಾಲ್ಕನಿಗೆ ಅಳೋಕೆ ಪುರುಸೊತ್ತು ಕೊಡದ ಕೊನೆ ಅದು. ಚೋಮ ಬಾಗಿಲು ಹಾಕಿಕೊಂಡ. ಜಬ್ಯಾ ಕಲ್ಲು ಬೀಸಿದ. ನಡುವೆ ಮೂವತ್ತೆಂಟು ವರ್ಷ.

ಅದೇ ಮಂಜುಳೆ 2016ರಲ್ಲಿ ‘ಸೈರಾಟ್’ ಮಾಡಿದರು. ಪಾಟೀಲನ ಮಗಳು, ಮೀನು ಹಿಡಿಯುವವರ ಮಗ. ಹಾಡು, ಪ್ರೀತಿ, ಬುಲೆಟ್ ಬೈಕು, ನಗೆ. ನಮ್ಮ ನೆಲದವರು ಕೇಳುವುದೆಲ್ಲ ಅದರಲ್ಲಿತ್ತು. ಜನ ಟಾಕೀಸಿನ ಒಳಗೇ ಎದ್ದು ಕುಣಿದರು. ಮರಾಠಿ ಚಿತ್ರರಂಗ ಅದುವರೆಗೆ ಕಾಣದ ಗಳಿಕೆ ಕಂಡಿತು. ಕುಣಿದವರು ಕೊನೆಯಲ್ಲಿ ಹಸುಗೂಸಿನ ರಕ್ತದ ಹೆಜ್ಜೆಗುರುತು ನೋಡಿ ಉಸಿರು ಕಟ್ಟಿ ಹೊರಗೆ ಬಂದರು. 2017ರಲ್ಲಿ ಅದು ಕನ್ನಡಕ್ಕೆ ‘ಮನಸು ಮಲ್ಲಿಗೆ’ಯಾಗಿ ಬಂತು, 2018ರಲ್ಲಿ ಹಿಂದಿಗೆ ‘ಧಡಕ್’ ಆಗಿ ಹೋಯಿತು. ಹಿಂದಿಗೆ ಹೋಗುವಾಗ ಜಾತಿಗೆ ನೀರು ಬೆರೆಸಿದರು. ಹಾಡನ್ನ ಕೊಂಡುಕೊಂಡರು, ಕಲ್ಲನ್ನ ಅಲ್ಲೇ ಬಿಟ್ಟರು. ಆದರೂ ‘ಸೈರಾಟ್’ ಒಂದು ಮಾತು ಸಾಬೀತು ಮಾಡಿತು. ನಡುಮನೆಯಲ್ಲಿ ನಮ್ಮವರೇ ಕೂತರೂ ಚಿತ್ರ ಓಡುತ್ತೆ. ಸಿಳ್ಳೆಯೂ ಬೀಳುತ್ತೆ, ಪ್ರಶ್ನೆಯೂ ಏಳುತ್ತೆ. ‘ದಲಿತರ ಕಥೆ ಅಂದರೆ ಪ್ರಶಸ್ತಿಗೆ ಸರಿ, ಗಲ್ಲಾಪೆಟ್ಟಿಗೆಗೆ ಆಗೋಲ್ಲ’ ಅಂತ ಗಾಂಧಿನಗರದಲ್ಲಿ ಹೇಳ್ತಾ ಬಂದ ಮಾತು ಸುಳ್ಳಾಯಿತು.

ಹಾಗಾದರೆ ಮಾಡಬೇಕಾದ್ದೇನು? ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯ ಗೋಡೆಯೇ ಪರದೆ. ‘ಫಂಡ್ರಿ’ಯನ್ನ ಮಕ್ಕಳಿಗೂ ಅವರ ಅಪ್ಪ ಅವ್ವಂದಿರಿಗೂ ಒಟ್ಟಿಗೆ ತೋರಿಸಿ. ಮಕ್ಕಳಿಗೆ ಇಷ್ಟವಾದ ಯಾವುದೇ ಚಿತ್ರ ತಗೊಂಡು, ಅದರ ಕಥೆಯನ್ನ ನಾಯಕನ ಮನೆ ಆಳಿನ ಬಾಯಿಂದ ಹೇಳಿಸಿ. ಒಂದು ಗಂಟೆಯಲ್ಲಿ ಅವರಿಗೆ ಎಲ್ಲಾ ಅರ್ಥವಾಗುತ್ತೆ. ವಿದ್ಯಾರ್ಥಿ ಗೆಳೆಯರೇ, ಚಿತ್ರವಿಮರ್ಶೆಯನ್ನ ಬಾಲ್ಕನಿಗೆ ಬಿಟ್ಟುಕೊಡಬೇಡಿ. ನೀವು ನೆಲದಲ್ಲಿ ಕೂತು ಕಂಡದ್ದನ್ನ ಬರೆಯಿರಿ, ನಿಮ್ಮ ಅವ್ವ ಯಾವ ಚಿತ್ರ ಎಷ್ಟು ಸಲ ನೋಡಿದಳು, ಎಲ್ಲಿ ಅತ್ತಳು ಅಂತ ಕೇಳಿ ಬರೆಯಿರಿ. ಅದು ಎಲ್ಲೂ ದಾಖಲಾಗದ ಚರಿತ್ರೆ. ಸಂಘಟನೆಯ ಸಂಗಾತಿಗಳೇ, ಟಿಕೆಟ್ ದರದ ಪ್ರಶ್ನೆ ನಿಮ್ಮದೂ ಹೌದು. ರೇಷನ್ನಿನ ಜೊತೆ ಅದನ್ನೂ ಎತ್ತಿ. ಅಭಿಮಾನಿ ಸಂಘದ ತಮ್ಮಂದಿರೇ, ಮುಂದಿನ ಸಲ ನಾಯಕ ನಿಮ್ಮ ಊರಿಗೆ ಬಂದಾಗ ಹಾರದ ಜೊತೆ ಒಂದು ಪ್ರಶ್ನೆಯನ್ನೂ ಕೊಡಿ: ‘ಅಣ್ಣಾ, ಇಷ್ಟು ಚಿತ್ರ ಮಾಡಿದಿರಿ, ಒಂದರಲ್ಲಾದರೂ ನಮ್ಮ ಕೇರಿಯಲ್ಲಿ ಹುಟ್ಟಿದ್ದೀರಾ?’ ಮೊಬೈಲು ಹಿಡಿದು ಚಿತ್ರ ತೆಗೆಯುವ ಹುಡುಗ ಹುಡುಗಿಯರು ಈಗ ಕೇರಿ ಕೇರಿಯಲ್ಲೂ ಇದ್ದಾರೆ. ಅವರು ತೆಗೆದದ್ದು ಒರಟಾಗಿರಲಿ, ಕ್ಯಾಮೆರಾ ಅಲುಗಾಡಲಿ. ಮೊದಲ ಸಿಳ್ಳೆ ಅವರಿಗೆ ಬೀಳಲಿ.

ಯಾವ ಚಿತ್ರ ಕಲ್ಟ್ ಆಗುತ್ತೆ ಅಂತ ಇಷ್ಟು ದಿನ ನಮ್ಮ ಚಿಲ್ಲರೆ ಹೇಳಿತು. ಇನ್ನುಮುಂದೆ ನಮ್ಮ ಬಾಯಿ ಹೇಳುತ್ತೆ. ಹುಂಡಿಗೆ ಹಾಕಿದವರು ನಾವು, ಲೆಕ್ಕದ ಪುಸ್ತಕ ಇತ್ತ ಕೊಡಿ.